ಬೋರಲು ತಟ್ಟೆಯ ಮಾತು

ಬಿಡದಿಯಲ್ಲಿ ಚನ್ನಬಸಮ್ಮನ ಹೋಟೆಲಿನ ಹಿಂಬದಿಗೆ ಒಂದು ಹೊಂಗೆ ಮರವಿದೆ. ಅದರ ಕೆಳಗೆ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಹದಿನೈದು ಇಪ್ಪತ್ತು ಜನ ಸೇರುತ್ತಾರೆ, ತಟ್ಟೆ ಇಡ್ಲಿ ತಿನ್ನುತ್ತಾರೆ, ಒಬ್ಬರ ಮಾನ ಒಬ್ಬರು ಹರಾಜು ಹಾಕುತ್ತಾರೆ, ಆಮೇಲೆ ಸಂತೋಷವಾಗಿ ಮನೆಗೆ ಹೋಗುತ್ತಾರೆ. ಇವರು ಯಾವ ಪಕ್ಷದವರೂ ಅಲ್ಲ, ಚೀಟಿ ಸಂಘದವರೂ ಅಲ್ಲ. ಒಂಟಿಕಲ್ಲು ಅನ್ನುವ ರಾಕ್ ಬ್ಯಾಂಡಿನ ಅಭಿಮಾನಿಗಳು. ರಾಮನಗರದ ಬಂಡೆಗಳ ನಡುವೆ ಹುಟ್ಟಿದ ಬ್ಯಾಂಡಿಗೆ ಇನ್ನೇನು ಹೆಸರಿಟ್ಟಾರು? ಅವರದ್ದು ಇಲ್ಲಿಯವರೆಗೆ ಬಂದಿರುವುದು ಮೂರೇ ಆಲ್ಬಂ. ಮೊದಲನೆಯದು ‘ಗೂಡು ಮಾರ್ಕೆಟ್ಟು’, ಎರಡನೆಯದು ಬೆಂಗಳೂರಿನ ಲೋಕಲ್ ರೈಲಿನ ಹೆಸರಿನ ‘ಪುಶ್‌ಪುಲ್’, ಮೂರನೆಯದು ‘ಎಂಟು ಪಥ’. ಮೂರಾದರೇನು, ಜಗಳಕ್ಕೆ ಮೂವತ್ತರಷ್ಟು ಸರಕು ಅದರಲ್ಲೇ ಇದೆ.

ಈ ಜಗಳಕ್ಕೊಂದು ಕಟ್ಟಳೆ. ಊರೆಲ್ಲ ಒಪ್ಪಿದ ಮಾತನ್ನು ಒಪ್ಪದೆ ಉಲ್ಟಾ ಹೇಳಬೇಕು ಅನ್ನುವವರು ತಮ್ಮ ಖಾಲಿ ತಟ್ಟೆಯನ್ನು ಮೇಜಿನ ಮೇಲೆ ಬೋರಲು ಹಾಕಬೇಕು. ತಟ್ಟೆ ಬೋರಲು ಇರುವಷ್ಟು ಹೊತ್ತು ಮಿಕ್ಕವರು ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಹೇಳುವುದೆಲ್ಲ ಹೇಳಿ ತಟ್ಟೆಯನ್ನು ಮತ್ತೆ ಅಂಗಾತ ಮಾಡಿದ ಮೇಲೆ ಯಾರು ಬೇಕಾದರೂ ಎಷ್ಟು ಬೇಕಾದರೂ ಬೈಯಬಹುದು. ಎರಡು ವರ್ಷದ ಹಿಂದೆ ಯಾವುದೋ ಗಿಟಾರಿನ ವಿಷಯಕ್ಕೆ ಒಬ್ಬ ಇನ್ನೊಬ್ಬನ ಅಂಗಿಗೆ ಚಟ್ನಿ ಎರಚಿದಾಗ ಚನ್ನಬಸಮ್ಮನೇ ಮಾಡಿದ ಕಾನೂನು ಇದು. ಈಗ ಅದಕ್ಕೆ ಅವಳದ್ದೇ ತಕರಾರು.

“ನಾನ್ ಮಾಡಿದ್ ಕಾನೂನು ನನ್ನ ಯಾಪಾರಕ್ಕೇ ಮುಳುವಾಯ್ತು. ಎಲ್ರೂ ಹಿಂಗ್ ತಟ್ಟೆ ಬೋರ್ಲಾಕ್ಕಂಡ್ ಕುಂತ್ರೆ ಇಡ್ಲಿ ನಿಮ್ಮ ತಲೆ ಮ್ಯಾಲ್ ಬಡಿಸ್ಲಾ?”

ಆ ಭಾನುವಾರ ಪ್ರಭುಲಿಂಗನಿಗೆ ಅಲ್ಲಿಗೆ ಹೋಗುವ ಯೋಚನೆಯೇ ಇರಲಿಲ್ಲ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವನು, ನಲವತ್ತಾರು ವಯಸ್ಸು, ಮನೆಯ ಮುಂಭಾಗದಲ್ಲೇ ಲೇತು. ಅವನ ಮಗಳು ಐಶ್ವರ್ಯ ಕಾಲೇಜು ಹುಡುಗಿ, ಒಂಟಿಕಲ್ಲಿನ ಹುಚ್ಚು ಅಭಿಮಾನಿ. ಪ್ರತಿ ತಿಂಗಳೂ ರೈಲಿಗೆ ಹೋಗುತ್ತಿದ್ದಳು. ಈ ಸಲ ರೈಲು ತಪ್ಪಿಸಿಕೊಂಡು ಅಪ್ಪನ ಗಾಡಿಯ ಮುಂದೆ ನಿಂತಳು.

“ಅಪ್ಪಾ, ಇವತ್ತು ಒಸಿ ಬಿಟ್ಬುಡಿ. ಇವತ್ತು ತಪ್ಪಿಸ್ಕಂಡ್ರೆ ಜನ್ಮಕ್ಕೂ ಸಿಕ್ಕಲ್ಲ. ಡ್ರಮ್ಮು ಬಾರ್ಸೋ ಸೀನಣ್ಣನೇ ಬತ್ತಾವ್ರೆ.”

ಸೀನಣ್ಣ ಅಂದರೆ ಶ್ರೀನಿವಾಸ. ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯವನು, ಕುರಿ ಸಾಕುವ ಮನೆತನ. ಆ ಹೆಸರು ಕೇಳಿದ್ದೇ ಪ್ರಭುಲಿಂಗನ ಕೈಯಲ್ಲಿದ್ದ ಕಾಫಿ ಲೋಟ ಒಂದು ಗಳಿಗೆ ತುಟಿಯ ಹತ್ತಿರವೇ ನಿಂತುಬಿಟ್ಟಿತು. ಮಗಳಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಹನ್ನೆರಡು ವರ್ಷದ ಹಿಂದೆ ಈ ಶ್ರೀನಿವಾಸನೂ ಅವಳ ಅಪ್ಪನೂ ಒಂದೇ ತಟ್ಟೆಯಲ್ಲಿ ಉಂಡವರು. ಅವಳಿಗಾಗ ಏಳು ವರ್ಷ. ಮನೆಗೆ ಬರುತ್ತಿದ್ದ ಉದ್ದ ಕೂದಲಿನ ಮಾಮನ ನೆನಪು ಅವಳಿಗೆ ಉಳಿಯಲಿಲ್ಲ, ಇವನೂ ನೆನಪಿಸಲಿಲ್ಲ.

ನಡೆದದ್ದು ಇಷ್ಟು. ಬ್ಯಾಂಡು ಕಟ್ಟಿದ ಹೊಸತು. ಶ್ರೀನಿವಾಸ ಯಾರದೋ ಹಳೆಯ ಡ್ರಮ್ಮು ತಂದಿದ್ದ, ಬಾರಿಸುವ ಕೋಲು ಸವೆದು ಹಲ್ಲುಕಡ್ಡಿಯಾಗಿತ್ತು. ಪ್ರಭುಲಿಂಗ ಎದೆ ತಟ್ಟಿಕೊಂಡು, “ಕೋಲ್ತಾನೇ? ಈ ಲೇತಿರೋದ್ ಯಾಕ್ಲಾ ಮತ್ತೆ?” ಅಂದ. ಒಂದು ಡಜನ್ ಕೋಲು ಕಡೆದುಕೊಟ್ಟ. ಅದೂ ಎಂಥ ಕೋಲು! ಇದ್ದುದರಲ್ಲೇ ಬೆಳ್ಳಗಿರುವ, ಒಂದು ಗಂಟೂ ಇಲ್ಲದ ಆಲೆ ಮರ ಆರಿಸಿ, ಹಿಡಿಯುವ ಕಡೆ ಕೆಂಪು ಹಳದಿ ಅರಗಿನ ಬಳೆ ಕೂರಿಸಿ, ತಾಳೆಗರಿಯಲ್ಲಿ ತಿಕ್ಕಿ ತಿಕ್ಕಿ ಕನ್ನಡಿಯ ಹಾಗೆ ಹೊಳಪು ಬರಿಸಿದ್ದ.

ಚನ್ನಪಟ್ಟಣದ ಬೊಂಬೆಯವನಿಗೆ ಮರ ಅಂದರೆ ಆಲೆ ಮರ. ಅವನ ಅಪ್ಪ ಕಡೆದದ್ದು ಅದನ್ನೇ, ತಾತ ಕಡೆದದ್ದೂ ಅದನ್ನೇ. ಮೆತ್ತಗಿನ ಮರ, ಉಳಿ ಇಟ್ಟರೆ ಬೆಣ್ಣೆಯ ಹಾಗೆ ಸುಲಿಯುತ್ತದೆ, ಮಗು ಬಾಯಿಗಿಟ್ಟುಕೊಂಡರೂ ಒಸಡಿಗೆ ನೋವಾಗುವುದಿಲ್ಲ. ಗಿಲಕಿಗೆ ಅದಕ್ಕಿಂತ ಒಳ್ಳೆಯ ಮರ ಇಲ್ಲ. ಡ್ರಮ್ಮಿಗೆ ಅದಕ್ಕಿಂತ ಕೆಟ್ಟ ಮರ ಇಲ್ಲ. ಈ ಎರಡನೆಯ ಮಾತು ಪ್ರಭುಲಿಂಗನಿಗೆ ಹೊಳೆಯಲೇ ಇಲ್ಲ. ತನ್ನ ಹತ್ತಿರ ಇದ್ದುದರಲ್ಲಿ ಶ್ರೇಷ್ಠವಾದದ್ದನ್ನು ಕೊಡುತ್ತಿದ್ದೇನೆ ಅನ್ನುವ ಸಂಭ್ರಮ ಅವನಿಗೆ.

ಅದೇ ಕೋಲಿನಲ್ಲಿ ಮೊದಲ ಆಲ್ಬಂ ಆಯಿತು. ಆಮೇಲೆ ಕನಕಪುರದ ಕಾಲೇಜು ಮೈದಾನದಲ್ಲಿ ಬ್ಯಾಂಡಿನ ಮೊದಲ ದೊಡ್ಡ ಷೋ. ಸಾವಿರಾರು ಜನ. ಪ್ರಭುಲಿಂಗ ಹೊಸ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕುಳಿತಿದ್ದ. ಮೂರನೆಯ ಹಾಡಿಗೆ ಶ್ರೀನಿವಾಸನ ಬಲಗೈ ಕೋಲು ಕತ್ತಿನ ಹತ್ತಿರ ಲಟಕ್ಕೆಂದಿತು. ಇನ್ನೊಂದು ಎತ್ತಿಕೊಂಡ, ಅದೂ ಹೋಯಿತು. ಮೂರನೆಯದು ಮುರಿದಾಗ ಹಾಡೇ ನಿಂತಿತು. ಹಿಂದಿನಿಂದ ಯಾವನೋ ಕೂಗಿದ: “ಮುದ್ದೆ ತಿರುವೋ ಹಿಟ್ಟಿನ ಕೋಲಾದ್ರೂ ತಂದ್ಕೊಡ್ರಲೇ ಅವನ್ಗೆ!” ಮೈದಾನಕ್ಕೆ ಮೈದಾನವೇ ನಕ್ಕಿತು. ಶ್ರೀನಿವಾಸ ಮುರಿದ ತುಂಡು ಹಿಡಿದುಕೊಂಡು ಮುಂದಿನ ಸಾಲಿನ ಕಡೆ ಒಂದು ಸಲ ನೋಡಿದ.

ಆ ನೋಟ ಸಾಕಾಯಿತು. ಪ್ರಭುಲಿಂಗ ಎದ್ದು ಬಸ್‌ಸ್ಟ್ಯಾಂಡಿಗೆ ನಡೆದ. ಅಲ್ಲಿಂದಾಚೆಗೆ ಶ್ರೀನಿವಾಸನ ಫೋನ್ ಎತ್ತಲಿಲ್ಲ, ಆಮೇಲೆ ನಂಬರನ್ನೇ ಬದಲಾಯಿಸಿದ. ಒಂದು ಸಲ ಶ್ರೀನಿವಾಸ ಮನೆ ಬಾಗಿಲಿಗೇ ಬಂದಾಗ, ಹೆಂಡತಿಯ ಕೈಲಿ ಇಲ್ಲವೆನ್ನಿಸಿ ಮರದ ರಾಶಿಯ ಹಿಂದೆ ಕುಳಿತಿದ್ದ. ಅವನ ಕೋಪಕ್ಕೆ ಹೆದರಿ ಅಲ್ಲ. ಸ್ನೇಹಿತನ ಮಾನ ಸಾವಿರ ಜನರೆದುರು ಹೋದದ್ದು ತನ್ನ ಕೈಕೆಲಸದಿಂದ ಅನ್ನುವ ನಾಚಿಕೆ. ಕಸಬುದಾರನಿಗೆ ಅದಕ್ಕಿಂತ ದೊಡ್ಡ ಏಟು ಇಲ್ಲ. ನಾಚಿಕೆ ಒಂದು ವರ್ಷ ಕಳೆದರೆ ಅಭ್ಯಾಸವಾಗುತ್ತದೆ. ಹನ್ನೆರಡು ಕಳೆದರೆ ಅದನ್ನು ಬಿಡಿಸಿಕೊಳ್ಳಲು ಯಾವ ತುದಿ ಹಿಡಿದು ಎಳೆಯಬೇಕೆಂದೇ ತಿಳಿಯುವುದಿಲ್ಲ.

ಆದರೂ ಗಾಡಿ ತೆಗೆದ. ಮಗಳನ್ನು ಇಳಿಸಿ ಎಲ್ಲಾದರೂ ಟೀ ಅಂಗಡಿಯಲ್ಲಿ ಕುಳಿತರಾಯಿತು ಅಂದುಕೊಂಡ. ಹಾಗಂತ ತನಗೆ ತಾನೇ ಹೇಳಿಕೊಂಡ ಅಷ್ಟೇ. ಆದರೆ ಹೊರಡುವ ಮುಂಚೆ ಒಗೆದ ಅಂಗಿ ಹಾಕಿಕೊಂಡ.

ಹೈವೇಗೆ ಬೈಕು ಬಿಡುವುದಿಲ್ಲ. ಸರ್ವಿಸ್ ರೋಡಿನಲ್ಲಿ ಹಾರಿ ಕುಣಿದು ಬಿಡದಿ ಮುಟ್ಟುವ ಹೊತ್ತಿಗೆ ಒಂಬತ್ತೂವರೆ. ಪ್ರಭುಲಿಂಗ ಗಾಡಿ ತಿರುಗಿಸುತ್ತಿದ್ದಂತೆ ಚನ್ನಬಸಮ್ಮ ಬಾಗಿಲಿಂದಲೇ ಗದರಿದಳು.

“ಯಾಕಪ್ಪಾ, ಮಗಳನ್ನ ಗೇಟಲ್ಲಿ ಬುಟ್ಟು ಓಡೋಯ್ತೀಯಾ? ನಮ್ಮನೆ ಇಡ್ಲಿ ವಿಷ್ವಾ? ಬಾ ಒಳೀಕೆ.”

ಇಂಥ ಹೆಂಗಸಿಗೆ ಇಲ್ಲ ಅನ್ನುವ ಗಂಡಸು ಬಿಡದಿಯಲ್ಲಿ ಇನ್ನೂ ಹುಟ್ಟಿಲ್ಲ. ಹೋಗಿ ಹೊಂಗೆ ಮರದ ಬುಡಕ್ಕೆ ಆತುಕೊಂಡಂತೆ ಕುಳಿತ, ಯಾರಿಗೂ ಮುಖ ಕಾಣದ ಹಾಗೆ. ಶ್ರೀನಿವಾಸ ಇನ್ನೂ ಬಂದಿರಲಿಲ್ಲ. ಮುಂದೆ ಇಡ್ಲಿ ಬಂತು, ಮೇಲೆ ಬೆಣ್ಣೆ ಕರಗುತ್ತಿತ್ತು. ತಲೆ ತಗ್ಗಿಸಿ ತಿಂದ.

ಜಗಳ ಆಗಲೇ ಕಾವೇರಿತ್ತು. ಮರಳವಾಡಿಯ ಸಿಂಧು ಅನ್ನುವ ಹುಡುಗಿ ತಟ್ಟೆ ಬೋರಲು ಹಾಕಿ, ‘ಪುಶ್‌ಪುಲ್’ ಆಲ್ಬಂನಲ್ಲಿ ಒಂಬತ್ತು ನಿಮಿಷದ ಹಾಡು ಇದೆಯಲ್ಲ, ಅದರಲ್ಲಿ ನಾಲ್ಕು ನಿಮಿಷ ಬರೀ ರೈಲು ಕಾಯುವುದೇ ಆಯಿತು ಅಂದಳು.

“ದಿನಾ ಪ್ಲಾಟ್‌ಫಾರ್ಮಲ್ಲಿ ಕಾಯೋದಲ್ದೆ ಹಾಡಲ್ಲೂ ಕಾಯ್ಬೇಕಾ? ನಾನು ಓಡಿಸಿ ಓಡಿಸಿ ಕೇಳ್ತೀನಪ್ಪ. ಹೇಳ್ಬುಟ್ಟೆ.” ತಟ್ಟೆ ಅಂಗಾತ ಮಾಡಿದಳು.

“ಅಯ್ಯೋ ಪಾಪಿ! ಆ ನಾಲ್ಕ್ ನಿಮ್ಷಕ್ಕೇ ಕಣಮ್ಮ ನಾವು ಬದ್ಕಿರೋದು!” ಎಂದು ಮೇಜು ಗುದ್ದಿದವನು ದಯಾನಂದ.

ಈ ದಯಾನಂದ ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವನು, ಗುಂಪಿನ ಯಜಮಾನ. ಯಾರೂ ಮಾಡಿದ್ದಲ್ಲ, ಎಲ್ಲರಿಗಿಂತ ಜೋರಾಗಿ ಮಾತಾಡಿ ತಾನೇ ಆದದ್ದು. ಅವನದ್ದೊಂದು ಸಿದ್ಧಾಂತವಿತ್ತು. ಮೊದಲ ಆಲ್ಬಂನಲ್ಲಿ ಸೀನಣ್ಣ ಡ್ರಮ್ಮನ್ನು ಮೆತ್ತಗೆ, ಮುಟ್ಟಿಯೂ ಮುಟ್ಟದ ಹಾಗೆ ಬಾರಿಸಿದ್ದಾನೆ, ಪ್ರಪಂಚದಲ್ಲಿ ಯಾವ ರಾಕ್ ಬ್ಯಾಂಡಿನವನೂ ಹಾಗೆ ಬಾರಿಸಿಲ್ಲ, ಅದು ಧ್ಯಾನ, ಅದು ತಪಸ್ಸು. ಇದಕ್ಕೆ ‘ಮೌನದ ತಾಳ’ ಎಂದು ಹೆಸರು ಕೊಟ್ಟು, ಅದನ್ನೇ ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿಕೊಂಡು ಬಂದಿದ್ದ. ಗುಂಪಿನ ಮುಕ್ಕಾಲು ಜನ ಅದನ್ನು ಒಪ್ಪಿದ್ದರು. ಮೂರನೆಯ ಆಲ್ಬಂ ಮಾತ್ರ ಎಲ್ಲರಿಗೂ ಕಹಿ. ಬರೀ ಗದ್ದಲ, ಕಲ್ಲು ಕ್ವಾರಿ ಅನ್ನುತ್ತಿದ್ದರು.

ಅಷ್ಟರಲ್ಲಿ ಶ್ರೀನಿವಾಸ ಬಂದ. ಉದ್ದ ಕೂದಲು ಹೋಗಿ ಮುಂದಲೆ ಬೋಳಾಗಿತ್ತು, ಮೀಸೆಯಲ್ಲಿ ಬಿಳಿ. ಎಲ್ಲರೂ ಎದ್ದು ನಿಂತರು. ಮರದ ಬುಡದಲ್ಲಿದ್ದವನು ಏಳಲಿಲ್ಲ. ಶ್ರೀನಿವಾಸ ಎಲ್ಲರ ಕೈ ಕುಲುಕುತ್ತ ಬಂದವನು ಆ ಕಡೆಗೊಮ್ಮೆ ನೋಡಿ, ಒಂದು ಗಳಿಗೆ ನಿಂತು, ಎದುರಿನ ಕುರ್ಚಿ ಎಳೆದುಕೊಂಡು ಕುಳಿತ. ನಡುವೆ ಒಂದು ಮೇಜು ಅಷ್ಟೇ.

ಪ್ರಭುಲಿಂಗ ಉಳಿದ ಇಡ್ಲಿಯನ್ನು ಚೂರು ಚೂರು ಮಾಡತೊಡಗಿದ. ಗುರುತು ಹಿಡಿದನೋ ಇಲ್ಲವೋ? ಹಿಡಿದೂ ಮಾತಾಡಿಸಲಿಲ್ಲವೋ? ಎದ್ದು ಹೋಗೋಣವೆಂದರೆ ಮಗಳು ಪಕ್ಕದಲ್ಲೇ ಇದ್ದಾಳೆ.

ಆ ಮಗಳು ಸುಮ್ಮನೆ ಕೂರುವವಳೇ? ತನ್ನ ತಟ್ಟೆ ಎತ್ತಿ ಠಣ್ಣೆಂದು ಬೋರಲು ಹಾಕಿದಳು.

“ಸೀನಣ್ಣ, ನೀವು ತಪ್ ತಿಳ್ಕೋಬ್ಯಾಡಿ. ಎಲ್ರೂ ಮೊದಲನೇ ಆಲ್ಬಂ ಧ್ಯಾನ ತಪಸ್ಸು ಅಂತಾರೆ. ನನಗೆ ಹಂಗ್ ಅನ್ಸಲ್ಲ. ನಾನು ನೂರು ಸಲಿ ಕೇಳಿದ್ದೀನಿ. ನೀವು ಅದರಲ್ಲಿ ಹೆದರ್ಕೊಂಡ್ ಬಾರ್ಸಿದ್ದೀರಾ. ಜೋರಾಗಿ ಹೊಡೀಬೇಕಾದ್ ಜಾಗಕ್ಕೆ ಬತ್ತೀರಾ, ಕೈ ಎತ್ತೀರಾ, ಆಮೇಲೆ ಯಾರೋ ಕೈ ಹಿಡ್ಕೊಂಡಂಗೆ ಮೆತ್ತಗೆ ಇಳಿಸ್ಬುಡ್ತೀರಾ. ಮೂರನೇದ್ರಲ್ಲಿ ನೀವು ನೀವಾಗಿದ್ದೀರಾ. ‘ಎಂಟು ಪಥ’ನೇ ಚೆನ್ನಾಗಿರೋದು. ಅಷ್ಟೇ.”

ತಟ್ಟೆ ಅಂಗಾತವಾಯಿತು. ಆಮೇಲೆ ಎದ್ದ ಗಲಾಟೆಗೆ ಹೊಂಗೆ ಮರದ ಕಾಗೆಗಳು ಹಾರಿಹೋದವು. ಹತ್ತು ಜನ ಒಟ್ಟಿಗೆ ಬಾಯಿ ಮಾಡಿದರು. ದಯಾನಂದನ ಮುಖ ಕೆಂಪಾಗಿತ್ತು, ಎದೆಯ ಮೇಲಿನ ಸಿದ್ಧಾಂತವೇ ಅಲ್ಲಾಡುತ್ತಿತ್ತಲ್ಲ.

“ಹೆದರ್ಕೊಂಡು ಅಂತೆ! ತಾಳ ಅಂದ್ರೇನು ಅಂತ ಗೊತ್ತೇನಮ್ಮ ನಿನಗೆ? ಗಿಲಕಿ ಮಾಡೋರ ಮನೇಲಿ ಹುಟ್ಟಿದೋಳ್ಗೆ ಗಿಲಕಿ ಸದ್ದೇ ಸಂಗೀತ!”

ಕೆಲವರು ನಕ್ಕರು. ಐಶ್ವರ್ಯಳ ಕಣ್ಣು ಸರ್ರನೆ ತುಂಬಿತು. ಅಪ್ಪ ಪಕ್ಕದಲ್ಲೇ ಕುಳಿತಿದ್ದಾನೆ ಅನ್ನುವುದು ದಯಾನಂದನಿಗೆ ತಿಳಿದಿರಲಿಲ್ಲ, ಪಾಪ.

“ಏ ದಯಾ,” ಎಂದ ಶ್ರೀನಿವಾಸ. ಬಂದಾಗಿನಿಂದ ಅವನು ಆಡಿದ ಮೊದಲ ಮಾತು. “ಹುಡುಗಿ ಹೇಳಿದ್ದು ದಿಟ ಕಣಪ್ಪ. ನಾನು ಹೆದರ್ಕಂಡೇ ಬಾರ್ಸಿದ್ದು.”

ಸಿಂಧು ಮೆಲ್ಲಗೆ, “ಯಾಕ್ ಸೀನಣ್ಣ? ಯಾರ್ಗೆ ಹೆದರ್ಕಂಡಿದ್ರಿ?” ಎಂದಳು.

“ಅದು ನಾನ್ ಹೇಳೋ ಕತೆ ಅಲ್ಲವ್ವ,” ಎಂದು ಶ್ರೀನಿವಾಸ ಕಾಫಿ ಲೋಟ ಎತ್ತಿಕೊಂಡ. ಎದುರಿಗೆ ನೋಡಲೇ ಇಲ್ಲ.

ಪ್ರಭುಲಿಂಗನಿಗೆ ಆಗ ಅರ್ಥವಾಯಿತು. ಇವನು ಬಂದ ಗಳಿಗೆಯಲ್ಲೇ ಗುರುತು ಹಿಡಿದಿದ್ದಾನೆ. ಹನ್ನೆರಡು ವರ್ಷ ಈ ವಿಷಯವನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಈಗಲೂ ಬಿಡುವುದಿಲ್ಲ. ತಾನು ಸುಮ್ಮನಿದ್ದರೆ ಇದು ಇಲ್ಲಿಗೇ ಮುಗಿಯುತ್ತದೆ, ಮತ್ತೆ ಸರ್ವಿಸ್ ರೋಡು, ಮತ್ತೆ ಮರದ ರಾಶಿ. ಮಗಳ ಕಡೆ ನೋಡಿದ. ಅವಳು ದುಪಟ್ಟಾದ ತುದಿಯಲ್ಲಿ ಕಣ್ಣೊತ್ತಿಕೊಳ್ಳುತ್ತಿದ್ದಳು. ಯಾರೂ ಹೇಳಿಕೊಡದೆ, ಬರೀ ಕಿವಿಯಲ್ಲಿ ಕೇಳಿಯೇ ಆ ಹೆದರಿಕೆಯನ್ನು ಹಿಡಿದವಳು. ಅವಳಿಗೆ ಸಂಗೀತ ಗೊತ್ತಿಲ್ಲವಂತೆ.

ಪ್ರಭುಲಿಂಗ ತಟ್ಟೆಯಲ್ಲಿದ್ದ ಕೊನೆಯ ಚೂರು ಇಡ್ಲಿ ಬಾಯಿಗೆ ಹಾಕಿಕೊಂಡ. ಚಟ್ನಿಯನ್ನು ಬೆರಳಲ್ಲಿ ಬಳಿದು ನೆಕ್ಕಿದ. ಆಮೇಲೆ ತಟ್ಟೆಯನ್ನು ಬೋರಲು ಹಾಕಿದ.

“ನಾನು ಇವಳ ಅಪ್ಪ. ಗಿಲಕಿ ಮಾಡೋನು,” ಎಂದ. ದಯಾನಂದ ಬಾಯಿ ತೆರೆದವನು ತಟ್ಟೆ ನೋಡಿ ಮುಚ್ಚಿಕೊಂಡ.

“ಧ್ಯಾನನೂ ಅಲ್ಲ, ತಪಸ್ಸೂ ಅಲ್ಲ ಕಣ್ರಪ್ಪಾ. ಕೋಲು. ಆ ಆಲ್ಬಂ ಬಾರ್ಸಿರೋ ಕೋಲು ನಾನು ಕಡೆದಿದ್ದು. ಆಲೆ ಮರದಲ್ಲಿ. ನನಗೆ ಗೊತ್ತಿದ್ದುದು ಅದೊಂದೇ ಮರ. ಅದು ಬೊಂಬೆ ಮರ, ಜೋರಾಗಿ ಹೊಡುದ್ರೆ ಮುರೀತದೆ. ಕನಕಪುರದಲ್ಲಿ ಮುರೀತು. ಇವನು ಮೈದಾನದಲ್ಲಿ ನಗೆಪಾಟ್ಲಾದ. ತಪ್ಪಾಯ್ತು ಅಂತ ಒಂದ್ ಮಾತು ಹೇಳೋಕ್ ನನ್ನ ಕೈಲಿ ಆಗ್ಲಿಲ್ಲ. ಮನೆ ತಂಕ ಬಂದ. ಇಲ್ಲ ಅನ್ನಿಸ್ದೆ. ಒಳಗೇ ಇದ್ದೆ ಕಣ್ಲಾ ಸೀನ. ಮರದ ಹಿಂದೆ ಕುಂತಿದ್ದೆ.”

ಅಷ್ಟು ಹೇಳಿ ತಲೆ ತಗ್ಗಿಸಿದ. ಯಾರೂ ಮಾತಾಡಲಿಲ್ಲ. ಇನ್ನೂ ಒಂದು ಗಳಿಗೆ ಕಳೆಯಿತು, ಆಗಲೂ ಯಾರೂ ಮಾತಾಡಲಿಲ್ಲ. ಪ್ರಭುಲಿಂಗ, ಇವರೆಲ್ಲ ತನ್ನ ಮುಖಕ್ಕೆ ಉಗಿಯಲೂ ಮನಸ್ಸಿಲ್ಲದೆ ಕುಳಿತಿದ್ದಾರೆ ಅಂದುಕೊಂಡ. ಕಟ್ಟಳೆ ಅವನಿಗೆ ಮರೆತೇ ಹೋಗಿತ್ತು. ತಟ್ಟೆ ಇನ್ನೂ ಬೋರಲೇ ಇತ್ತು. ಐಶ್ವರ್ಯ ಕಣ್ಣಲ್ಲೇ ತಟ್ಟೆ ತೋರಿಸುತ್ತಿದ್ದಳು. ದಯಾನಂದ ಉಸಿರು ಕಟ್ಟಿಕೊಂಡು ಕೈ ಆಡಿಸುತ್ತಿದ್ದ. ತಲೆ ಎತ್ತದವನಿಗೆ ಕಾಣುವುದು ಹೇಗೆ?

ಕಡೆಗೆ ಮೇಜಿನ ಆ ಬದಿಯಿಂದ ಒಂದು ಕೈ ಬಂತು. ಬೆರಳುಗಳ ಬುಡದಲ್ಲಿ ಆಣಿ ಕಟ್ಟಿದ ಕೈ. ತಟ್ಟೆಯ ಅಂಚು ಹಿಡಿದು ಅಂಗಾತ ಮಾಡಿತು.

“ಈಗ ನಾನು ಬಯ್ಯಬೋದಾ?” ಎಂದ ಶ್ರೀನಿವಾಸ. “ನನ್ಮಗನೇ, ಮರದ ಹಿಂದೆ ಕುಂತಿದ್ದೆ ಅಂತ ಈಗ ಹೇಳ್ತೀಯಾ? ಬಾಗ್ಲಲ್ಲಿ ನಿನ್ನ ಎಕ್ಕಡ ಇತ್ತು ಕಣ್ಲಾ! ನಿನ್ನೆಂಡ್ರು ಇಲ್ಲ ಅಂತಾವ್ಳೆ, ನಾನು ಎಕ್ಕಡ ನೋಡ್ಕಂಡು ನಿಂತಿವ್ನಿ. ಬರಿಗಾಲಲ್ಲಿ ಎಲ್ಲಿಗ್ಲಾ ಹೋಗಿದ್ದೆ?”

ಮೊದಲು ನಕ್ಕವಳು ಚನ್ನಬಸಮ್ಮ. ಶ್ರೀನಿವಾಸ ನಗಲಿಲ್ಲ.

“ಸುಳ್ ಯಾಕ್ ಹೇಳ್ಲಿ, ಆವತ್ತು ನಿನ್ನ ಸಿಗದಾಕ್ಬೇಕು ಅನ್ನುಸ್ತು. ನನ್ನ ಮಾನ ಹೋಗಿದ್ದು ದಿಟ. ಒಂದ್ ತಿಂಗ್ಳು ಬೈಕಂಡ್ ತಿರುಗ್ದೆ. ಆದ್ರೆ ತಪ್ಪು ನಿನ್ನೊಬ್ಬಂದೇ ಅಲ್ಲ. ರೆಕಾರ್ಡಿಂಗಲ್ಲೇ ಏಳು ಕೋಲು ಮುರುದಿದ್ದೊ.”

“ಏಳಾ?” ಪ್ರಭುಲಿಂಗ ತಲೆ ಎತ್ತಿದ. “ನಾನ್ ಕೇಳ್ದಾಗೆಲ್ಲ ‘ಚೆನ್ನಾಗವೆ’ ಅಂತಿದ್ದಲ್ಲ?”

“ಹೆಂಗ್ಲಾ ಹೇಳ್ಲಿ? ಕೆಂಪು ಹಳದಿ ಬಳೆ ಬ್ಯಾರೆ ಕೂರುಸ್ಕಂಡ್ ತಂದಿದ್ದೆ, ಮದ್ವೆ ಹೆಣ್ಣಿನ್ ಕೈ ಇದ್ದಂಗಿದ್ದೊ. ಮುರೀತಾವೆ ಅಂತ ನಿನ್ನ ಮುಖ ನೋಡ್ಕಂಡ್ ಹೇಳಕ್ಕಾಗ್ಲಿಲ್ಲ. ಅದುಕ್ಕೇ ಹೆದರ್ಕಂಡು ಮೆತ್ತಗೆ ಬಾರಿಸ್ದೆ. ಹೇಳಿದ್ರೆ ಕನಕಪುರದಲ್ಲಿ ಹಂಗಾಯ್ತಿರ್ಲಿಲ್ಲ.”

ಒಬ್ಬ ಪ್ರೀತಿಗೆ ಮೆತ್ತಗಿನ ಮರ ಕಡೆದ, ಇನ್ನೊಬ್ಬ ಪ್ರೀತಿಗೆ ಸುಳ್ಳು ಹೇಳಿದ. ಇಬ್ಬರಲ್ಲಿ ಯಾರು ದೊಡ್ಡ ದಡ್ಡ ಅನ್ನುವುದಕ್ಕೆ ಇನ್ನೊಂದು ತಟ್ಟೆ ಬೋರಲು ಹಾಕಬೇಕು.

“ಅವ್ವ ನಿನ್ಗೆ ಅಂತ ಒಂದು ಕಂಬ್ಳಿ ಮಡಗವ್ಳೆ,” ಎಂದ ಶ್ರೀನಿವಾಸ, ದನಿ ತಗ್ಗಿಸಿ. ಅವನ ತಾಯಿ ಬೀರಮ್ಮ. ಪ್ರಭುಲಿಂಗ ಗುಡೇಮಾರನಹಳ್ಳಿಗೆ ಹೋದಾಗಲೆಲ್ಲ ಹಿಟ್ಟು ಮಾಡಿ ಬಡಿಸುತ್ತಿದ್ದವಳು. “ನಮ್ಮ ಕುರಿ ಉಣ್ಣೇದೇ. ಕನಕಪುರದ ಷೋ ಮುಗಿಸ್ಕಂಡು ಬತ್ತಾನೆ, ಕೋಲ್ ಮಾಡ್ಕೊಟ್ಟೋನ್ಗೆ ಹೊದ್ಸಬೇಕು ಅಂತ ನೇಯ್ಸಿದ್ಲು. ಹುಳ ಬಿದ್ದು ಅಲ್ಲಲ್ಲಿ ತೂತಾಗೈತೆ. ಬೊಂಬೆಯೋನ್ಗೆ ಅಂತ ಮಡಗಿರೋದು, ಮುಟ್ಬ್ಯಾಡಿ ಅಂತಾಳೆ. ಈಗ ಕಣ್ಣು ಒಸಿ ಮಂಜು. ನಾನು ಯಾವಾಗ ಪ್ಯಾಟೆಯಿಂದ ಹೋದ್ರೂ, ಸಿಕ್ಕಿದ್ನಾ ಅಂತ ಕೇಳ್ತಾಳೆ.”

ಪ್ರಭುಲಿಂಗ ಟವಲಿನಿಂದ ಮುಖ ಒರೆಸಿಕೊಂಡ. ಬಿಸಿಲು ಅಷ್ಟೇನೂ ಇರಲಿಲ್ಲ.

ಅಷ್ಟು ಹೊತ್ತು ತಡೆದುಕೊಂಡಿದ್ದ ದಯಾನಂದ ಎದ್ದು ಬಂದು, “ಸಾರಿ ಯಜಮಾನ್ರೇ, ನೀವು ಅಂತ ಗೊತ್ತಿರ್ಲಿಲ್ಲ. ತಂಗಿ, ತಪ್ಪಾಯ್ತು,” ಎಂದ. ಆಮೇಲೆ ತನ್ನ ಟೀ ಶರ್ಟಿನ ಕಡೆ ನೋಡಿಕೊಂಡ. “ಆದ್ರೂ ಒಂದ್ ಮಾತು. ಕೋಲಿಂದ್ಲೇ ಆಗ್ಲಿ, ಹೆದ್ರಿಕೆಯಿಂದ್ಲೇ ಆಗ್ಲಿ, ಆಗಿರೋದಂತೂ ತಪಸ್ಸೇ.”

“ಒಪ್ಕೊಂಡ್ಬುಡೋ ದಯಾ!” ಎಂದು ಸಿಂಧು ಕೂಗಿದಳು. ಜಗಳ ಮತ್ತೆ ಹತ್ತಿಕೊಂಡಿತು. ಬೇಕೆಂದು ಮೆತ್ತಗೆ ಬಾರಿಸುವುದು ದೊಡ್ಡದೋ, ವಿಧಿಯಿಲ್ಲದೆ ಮೆತ್ತಗೆ ಬಾರಿಸುವುದು ದೊಡ್ಡದೋ? ಇದ್ದಬದ್ದ ತಟ್ಟೆಗಳೆಲ್ಲ ಒಟ್ಟಿಗೆ ಬೋರಲಾದವು. ಅಂಗಾತ ಇದ್ದ ಒಂದೇ ತಟ್ಟೆ ಪ್ರಭುಲಿಂಗನದ್ದು. ಚನ್ನಬಸಮ್ಮ ಅದರ ಮೇಲೆ ಬಿಸಿ ಇಡ್ಲಿ ತಂದು ಹಾಕಿ, “ತಿನ್ನು. ಎಷ್ಟ್ ವರ್ಸದ್ ಹಸಿವೋ ಏನೋ,” ಎಂದಳು. ಅರ್ಧ ಮುರಿದು ಅವನು ಎದುರಿಗೆ ತಳ್ಳಿದ. ಶ್ರೀನಿವಾಸ ಅದೇ ತಟ್ಟೆಗೆ ಕೈ ಹಾಕಿದ.

“ಹೊಸ ಹಾಡು ಒಂದೈತೆ,” ಎಂದ ತಿನ್ನುತ್ತಲೇ. “ಅಂಗಡಿ ಕೋಲಲ್ಲಿ ಆ ಸದ್ದು ಬರ್ತಾ ಇಲ್ಲ. ಹೊಡುದ್ರೆ ಬೈದಂಗೆ ಕೇಳ್ತದೆ. ಒಂದ್ ಜೊತೆ ಕಡ್ಕೊಡ್ತೀಯಾ?”

“ಜಾಲಿ ಮರದಲ್ಲಿ ಕಡ್ದುಕೊಡ್ತೀನಿ. ಗಟ್ಟಿ.”

“ಜಾಲಿ ಬ್ಯಾಡ. ಆಲೆ.”

“ಮುರೀತದೆ ಕಣ್ಲಾ.”

“ಗೊತ್ತು. ಎರಡು ಡಜನ್ ಮಾಡು.”

ಹೊರಡುವಾಗ ಶ್ರೀನಿವಾಸನ ಬೈಕು ಮುಂದೆ, ಪ್ರಭುಲಿಂಗನದ್ದು ಹಿಂದೆ. ಐಶ್ವರ್ಯ ಅಪ್ಪನ ಕಿವಿಯ ಹತ್ತಿರ ಬಾಯಿಟ್ಟು ಒಂದೇ ಸಮ ಮಾತಾಡುತ್ತಿದ್ದಳು. ಇಷ್ಟು ವರ್ಷ ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಬೈದಳು. ಆಮೇಲೆ, “ಅಪ್ಪಾ, ಬೇಜಾರ್ ಮಾಡ್ಕೋಬ್ಯಾಡಿ, ಕೋಲು ನಿಮ್ದೇ ಆದ್ರೂ ಮೊದಲನೇ ಆಲ್ಬಂ ಸಪ್ಪೆನೇ. ಮೂರನೇದ್ರಲ್ಲಿ ನಾಲ್ಕನೇ ಹಾಡು ಒಂದ್ಸಲಿ ಕೇಳಿ, ಆಮೇಲೆ ಮಾತಾಡಿ,” ಎಂದಳು. ಅಷ್ಟರಲ್ಲಿ ದಾರಿಯ ಎರಡೂ ಬದಿಗೆ ಮಾವಿನ ತೋಪು ಕಂಡು ಮಾತು ನಿಲ್ಲಿಸಿದಳು.

“ಅಪ್ಪಾ, ಇದು ಚನ್ನಪಟ್ಟಣದ ರೋಡಲ್ಲ. ಮಾಗಡಿ ಕಡೆದು.”

“ಗೊತ್ತು ಕಣವ್ವ,” ಎಂದ ಪ್ರಭುಲಿಂಗ, ಮುಂದಿನ ಬೈಕು ಕಣ್ಣು ತಪ್ಪದ ಹಾಗೆ ಗಾಡಿ ಒತ್ತುತ್ತ. “ನೀನು ನಾಲ್ಕನೇ ಹಾಡು ಅಂತಿದ್ದೆ. ಹೇಳು.”